ಮನೆತನದ ಮೂಗು

ಮಾಧುರಿ ಹುಟ್ಟಿದಾಗ ಅವಳ ಮೂಗು ಎಲ್ಲ ಕೂಸುಗಳ ಮೂಗಿನಂತೆ ಅಂಗಿಯ ಗುಂಡಿಯಷ್ಟೇ ಇತ್ತು. ಆದರೂ ತಾಯಿ ಭುವನೇಶ್ವರಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗಲೆಲ್ಲ ಆ ಗುಂಡಿಯನ್ನು ಎರಡು ಬೆರಳ ನಡುವೆ ಹಿಡಿದು ತಿದ್ದಿದ್ದೇ ತಿದ್ದಿದ್ದು. ಕೂಸು ಕಿರುಚುತ್ತಿತ್ತು, ಅತ್ತೆ ಗದರುತ್ತಿದ್ದರು, ಭುವನೇಶ್ವರಿ ಮಾತ್ರ ಕೈ ಬಿಡುತ್ತಿರಲಿಲ್ಲ. ಅಷ್ಟು ತಿದ್ದಿಯೂ ಪ್ರಯೋಜನವಾಗಲಿಲ್ಲ. ಹುಡುಗಿಗೆ ಹನ್ನೆರಡು ತುಂಬುತ್ತಲೇ ಮೂಗು ಯಾರ ಮಾತಿಗೂ ಬಗ್ಗದೆ ತನ್ನ ದಾರಿ ಹಿಡಿಯಿತು. ನಡುವೆ ಒಂದು ಗೂನು ಎದ್ದಿತು, ತುದಿ ತುಟಿಯ ಕಡೆಗೆ ಬಾಗಿತು. ಮುಂಬಯಿಯ ಭಾಂಡುಪ್‌ನ ಶಾಲೆಯಲ್ಲಿ ಮರಾಠಿ ಹುಡುಗರು ಅವಳಿಗೆ ‘ಪೋಪಟ್’ ಎಂದು ಹೆಸರಿಟ್ಟರು. ಪೋಪಟ್ ಎಂದರೆ ಗಿಳಿ.

ಮೂಗು ಯಾರದು ಎಂಬ ಪ್ರಶ್ನೆ ಮನೆಯಲ್ಲಿ ಏಳದೆ ಇರುವುದುಂಟೇ? ಭುವನೇಶ್ವರಿಯ ಮೂಗು ಗೆರೆ ಎಳೆದ ಹಾಗೆ ನೇರ. ಮದುವೆ ಮನೆಗಳಲ್ಲಿ ಅತ್ತೆ ಸೊಸೆಯ ಮೂಗನ್ನು ನಾಲ್ಕು ಜನರಿಗೆ ತೋರಿಸಿ ಬೀಗುತ್ತಿದ್ದರು. ತಂದೆ ಸೋಮನಾಥನದು ಯಾರ ಕಣ್ಣಿಗೂ ಬೀಳದ ಚಪ್ಪಟೆ ಮೂಗು. ಕೊನೆಗೆ ಉತ್ತರ ಕೊಟ್ಟವಳು ಭುವನೇಶ್ವರಿಯೇ. ಅದು ಸೋಮನಾಥನ ಅಪ್ಪನ ತಾಯಿಯ ಮೂಗಂತೆ. ಮದುವೆಯಾದ ಹೊಸತರಲ್ಲಿ ಗಂಡನ ಊರು ವಿಜಯಪುರದ ಓಣಿಯ ಮುದುಕಿಯೊಬ್ಬಳು ಹಾಗೆಂದು ಹೇಳಿದ್ದಳಂತೆ. ಆ ಮುತ್ತಜ್ಜಿ ಅತ್ತೆ ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ತೀರಿಕೊಂಡವಳು, ಅವಳದೊಂದು ಫೋಟೋ ಕೂಡ ಇರಲಿಲ್ಲ. ಸೋಮನಾಥ ಎರಡು ಮಾತಿಲ್ಲದೆ ನಂಬಿದ. ನಂಬಿದ್ದು ಮಾತ್ರವಲ್ಲ, ಆ ಮೂಗಿನ ಪಾಪವನ್ನು ತಲೆಯ ಮೇಲೆ ಹೊತ್ತುಕೊಂಡ. ಗಂಡಿನ ಕಡೆಯವರು ಬಂದು, ಅವಲಕ್ಕಿ ತಿಂದು, ‘ವಿಚಾರ ಮಾಡಿ ಫೋನ್ ಮಾಡ್ತೀವಿ’ ಎಂದು ಹೋದ ಪ್ರತಿ ಭಾನುವಾರ ಅವನು ಸ್ಟೇಶನ್ ಕಡೆ ಹೋಗಿ ಮಗಳಿಗೆ ಬಟಾಟೆವಡೆ ಕಟ್ಟಿಸಿಕೊಂಡು ಬರುತ್ತಿದ್ದ. ಪೊಟ್ಟಣ ಕೈಗಿಡುವಾಗ ಅವನ ಮುಖ ನೋಡಿದರೆ ಮಗಳೇ ಅವನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಈಗ ಮಾಧುರಿಗೆ ಮೂವತ್ತೊಂದು. ಪವಾಯಿಯ ಒಂದು ಕಂಪನಿಯಲ್ಲಿ ಸಂಬಳದ ವಿಭಾಗ ನೋಡಿಕೊಳ್ಳುತ್ತಾಳೆ. ಬರುವ ಗಂಡುಗಳ ಮೇಲಿನ ಆಸೆಯನ್ನು ಎಂದೋ ಬಿಟ್ಟಿದ್ದಳು. ಮೂಗಿನ ಮೇಲಿನ ಸಿಟ್ಟನ್ನು ಬಿಟ್ಟಿರಲಿಲ್ಲ. ವೀಡಿಯೊ ಮೀಟಿಂಗಿನ ಪುಟ್ಟ ಚೌಕದಲ್ಲಿ ದಿನಕ್ಕೆ ನಾಲ್ಕು ತಾಸು ತನ್ನ ಮುಖ ತಾನೇ ನೋಡಿಕೊಂಡು ಕೂರುವ ಕಾಲವಿದು. ಆರು ವರ್ಷ ದುಡ್ಡು ಕೂಡಿಸಿ, ಒಂದು ದಿನ ಆಫೀಸಿನಿಂದ ಸೀದಾ ದಿಲನಾಜಳ ಬಳಿಗೆ ಹೋದಳು.

ದಿಲನಾಜ ವಿಜಯಪುರದ ಕಡೆಯವಳು. ಪವಾಯಿಯಲ್ಲೇ ಒಂದು ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು, ಆಪರೇಶನ್ನಿಗೆಂದು ಹೊರದೇಶಕ್ಕೆ ಹೋಗುವವರ ಟಿಕೀಟು, ಆಸ್ಪತ್ರೆ, ಹೋಟೆಲು ಎಲ್ಲ ಹೊಂದಿಸಿಕೊಡುವುದು ಅವಳ ಉದ್ಯೋಗ. ಮುಂಬಯಿಯಲ್ಲಿ ಮೂಗಿನ ಡಾಕ್ಟರರಿಗೇನು ಬರವೇ ಎಂದು ಯಾರಾದರೂ ಕೇಳಬಹುದು. ಬರವಿಲ್ಲ. ಆದರೆ ಮುಂಬಯಿಯ ಯಾವ ಆಸ್ಪತ್ರೆಯಲ್ಲಿ ಕಾಲಿಟ್ಟರೂ ಅಲ್ಲೊಬ್ಬರು ಬೆಳಗಾವಿಯ ನರ್ಸು, ಧಾರವಾಡದ ಕ್ಯಾಶಿಯರು, ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯ ಭಾವಮೈದುನ ಇದ್ದೇ ಇರುತ್ತಾರೆ. ಮೂಗಿಗೆ ಪಟ್ಟಿ ಹಾಕಿಕೊಂಡು ಭಾಂಡುಪ್‌ನಲ್ಲಿ ಆಟೊ ಇಳಿದರೆ ಮೂರನೆಯ ಮಹಡಿ ತಲುಪುವಷ್ಟರಲ್ಲಿ ಹುಬ್ಬಳ್ಳಿಗೆ ಸುದ್ದಿ ಮುಟ್ಟಿರುತ್ತದೆ. ಬ್ಯಾಂಕಾಕ್ ಎಂದರೆ ಆ ಕಾಟವಿಲ್ಲ.

“ಮೇಡಂ, ಆಪರೇಶನ್ ಎರಡೂವರಿ ತಾಸಿನ ಮಾತು. ಖರೇ ಕೆಲಸ ಅದರ ಬಾದ್ ಐತಿ,” ಎಂದು ದಿಲನಾಜ ಕಾಗದದ ಮೇಲೆ ದಿನಗಳ ಮನೆ ಹಾಕಿ ತೋರಿಸಿದಳು. “ಎರಡು ದಿನ ಆಸ್ಪತ್ರಿ. ಏಳನೇ ದಿನಕ್ಕ ಮೂಗಿನ ಮ್ಯಾಲಿನ ಪಟ್ಟಿ ತೆಗೀತಾರ. ಹತ್ತು ದಿನ ವಿಮಾನ ಹತ್ತೂ ಹಂಗಿಲ್ಲ. ಎರಡು ತಲಿದಿಂಬು ಇಟ್ಟು ಮಲಗಬೇಕು, ಬಗ್ಗಿ ಕಸ ಸೈತ ತೆಗಿಯೂ ಹಂಗಿಲ್ಲ. ಕಣ್ಣ ಕೆಳಗ ನೀಲಿ ಆಗ್ತೈತಿ, ಮೂರು ವಾರ ಮಂದಿಗೆ ಮಾರಿ ತೋರಸಬ್ಯಾಡ್ರಿ. ಔರ್ ಏಕ್ ಬಾತ್, ಕಡಕ್ ರೊಟ್ಟಿ ಆರು ವಾರ ಬಂದ್.”

“ರೊಟ್ಟಿ ಯಾಕ್ರಿ?”

“ಜಗದ್ರ ಮೂಗು ಅಲ್ಲಾಡ್ತೈತ್ರೀ ಮೇಡಂ. ನಮ್ಮ ಕಡಿ ಪೇಶಂಟ್‌ಗೆಲ್ಲ ಇದೊಂದು ಮಾತು ನಾ ಅಲಗ್ ಸೇ ಹೇಳ್ತೀನಿ.”

ಖರ್ಚಿನ ಪಟ್ಟಿ ಕೂಡ ಅಷ್ಟೇ ಚೊಕ್ಕವಾಗಿತ್ತು. ಆಸ್ಪತ್ರೆಯದು ಮೂರು ಲಕ್ಷ ಹತ್ತು ಸಾವಿರ. ಇಬ್ಬರ ಟಿಕೀಟು, ಹನ್ನೆರಡು ರಾತ್ರಿಯ ಹೋಟೆಲು, ಔಷಧ, ಊಟ, ಮತ್ತು ಗಾಯ ಬೇಗ ಮಾಯದೆ ಇನ್ನೂ ಒಂದು ವಾರ ಉಳಿಯಬೇಕಾಗಿ ಬಂದರೆ ಎಂದು ತೆಗೆದಿಟ್ಟ ಅರವತ್ತು ಸಾವಿರ. ಎಲ್ಲ ಸೇರಿ ಐದೂವರೆ ಲಕ್ಷದ ಹತ್ತಿರ. ಜೊತೆಗೊಬ್ಬರು ಬರಲೇಬೇಕು ಎಂಬುದು ಆಸ್ಪತ್ರೆಯ ನಿಯಮ. ಮಾಧುರಿ ಯೋಚಿಸದೆ ಅವ್ವನ ಹೆಸರು ಬರೆಸಿದಳು. ಕಣ್ಣು ಮುಚ್ಚಿ ಮಲಗುವಾಗ ಪಕ್ಕದಲ್ಲಿ ಯಾರಿರಬೇಕು ಎಂದು ಕೇಳಿದರೆ ಬೇರೆ ಯಾರ ಹೆಸರು ತಾನೇ ಬಾಯಿಗೆ ಬರುತ್ತದೆ?

ಮನೆಯಲ್ಲಿ ಹೇಳಿದಾಗ ರಂಪವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಸೋಮನಾಥ ಪಟ್ಟಿಯನ್ನು ಎರಡು ಸಲ ಓದಿದ, ಕನ್ನಡಕ ತೆಗೆದು ಒರೆಸಿದ. ಭಾಂಡುಪ್‌ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಶೀನಿನ ಮುಂದೆ ನಿಂತು ನಿವೃತ್ತನಾದವನು, ಅಲ್ಲಿಂದ ಬಂದ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದ.

“ನೀ ಎಷ್ಟು ಕೂಡಸೀದಿ?”

“ಮೂರು ಲಾಖ್.”

“ಉಳದದ್ದು ನಾ ಕೊಡ್ತೀನಿ. ಎಫ್‌ಡಿ ಮುರಸ್ತೀನಿ.”

“ಬ್ಯಾಡ ಪಪ್ಪಾ. ನಾ ಲೋನ್ ತಗೋತೀನಿ, ಆಫೀಸ್ ಮೇ ಮಿಲ್‌ತಾ ಹೈ.”

“ಯಾಕ ಸಾಲ? ನಮ್ಮ ಮನಿತನದ ಮೂಗು ನಿನ್ನ ಮಾರಿ ಮ್ಯಾಲ ಬಂದು ಕುಂತೈತಿ. ಅದನ್ನ ತಗಸೂ ಖರ್ಚರ ನಾ ಕೊಡಬೇಕಲ್ಲವಾ. ನಿಮ್ಮವ್ವನ ಮೂಗು ಬಂದಿದ್ರ ಈ ತ್ರಾಸ ಇರತಿತ್ತೇನು?”

ಭುವನೇಶ್ವರಿ ಆಗ ಅವನ ತಾಟಿಗೆ ಪಲ್ಯ ಬಡಿಸುತ್ತಿದ್ದಳು. ಬಡಿಸಿ ಮುಗಿಸಿ, ಚಮಚವನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. ಅವ್ವನಿಗೂ ದುಃಖವಾಗಿದೆ ಎಂದು ಮಾಧುರಿ ತಿಳಿದಳು.

ಅವ್ವನ ಪಾಸ್‌ಪೋರ್ಟಿನ ಅರ್ಜಿಯನ್ನು ಮಾಧುರಿಯೇ ಕಂಪ್ಯೂಟರಿನಲ್ಲಿ ತುಂಬಿದಳು. ‘ಈ ಮೊದಲು ಬೇರೆ ಹೆಸರು ಇತ್ತೇ’ ಎಂಬ ಪ್ರಶ್ನೆ ಬಂತು. ಇತ್ತು. ನಮ್ಮ ಕಡೆ ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ, ಅಂದಿನಿಂದ ಅದೇ ಹೆಸರು. ತವರಿನಲ್ಲಿ ಭುವನೇಶ್ವರಿ ಬಸಲಿಂಗವ್ವ ಆಗಿದ್ದಳು. ‘ಹೌದು’ ಎಂದು ಬರೆದರೆ ಅದಕ್ಕೊಂದು ಪ್ರಮಾಣಪತ್ರ, ಪೇಪರಿನಲ್ಲಿ ಜಾಹೀರಾತು ಎಂದು ಹತ್ತು ತಾಪತ್ರಯ.

“ಇಲ್ಲಾಂತ ಬರಿ,” ಎಂದಳು ಭುವನೇಶ್ವರಿ. “ಆ ಹೆಸರು ಈಗ ಯಾರಿಗೆ ಬೇಕಾಗೇತಿ?”

ಮಾಧುರಿ ‘ಇಲ್ಲ’ ಎಂದು ಗುರುತು ಹಾಕಿದಳು. ಮುಂಬಯಿಯಲ್ಲಿರುವ ನಮ್ಮ ಅರ್ಧ ಹೆಂಗಸರ ಪಾಸ್‌ಪೋರ್ಟಿನಲ್ಲಿ ಈ ಸುಳ್ಳಿದೆ. ಯಾರೂ ಅದನ್ನು ಸುಳ್ಳೆಂದು ಎಣಿಸುವುದಿಲ್ಲ.

ಆಮೇಲೆ ಬಂದದ್ದು ಆಸ್ಪತ್ರೆಯ ಫಾರ್ಮು. ನಾಲ್ಕು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಊಟವಾದ ಮೇಲೆ ಮಾಧುರಿ ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಉತ್ತರ ಬರೆದುಕೊಂಡಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ, ಯಾವ ಗುಳಿಗೆ ಆಗಿಬರುವುದಿಲ್ಲ. ಎರಡನೆಯ ಪುಟದಲ್ಲಿ ದಪ್ಪ ಅಕ್ಷರದ ಒಂದು ಪ್ರಶ್ನೆಯಿತ್ತು.

“ತಂದಿ, ತಾಯಿ, ಯಾರಿಗರ ಆಪರೇಶನ್ ಮಾಡೋ ಮುಂದ ಎಚ್ಚರ ತಪ್ಪಿಸೋ ಔಷಧ ಕೊಟ್ಟಾಗ ಸೀರಿಯಸ್ ಪ್ರಾಬ್ಲೆಮ್ ಆಗೇತೇನು? ಪಪ್ಪಾ, ನಿಮ್ಮದು?”

“ಹರ್ನಿಯಾ ಆದಾಗ ಬೆನ್ನಿಗೆ ಸೂಜಿ ಕೊಟ್ಟಿದ್ರು. ಎಚ್ಚರ ಇದ್ದೆ. ಡಾಕ್ಟರ್ ಜೋಡಿ ಕ್ರಿಕೆಟ್ ಮಾತಾಡಿದ್ದೆ.”

“ಮಮ್ಮಿ, ನಿಂದು?”

ಭುವನೇಶ್ವರಿ ನಾಳೆಯ ಹಿಟ್ಟು ಸಾಣಿಸುತ್ತಿದ್ದಳು. ಜರಡಿ ನಿಲ್ಲಲಿಲ್ಲ.

“ಇಲ್ಲ,” ಎಂದಳು. “ನನಗ ಯಾವ ಆಪರೇಶನ್ನೂ ಆಗಿಲ್ಲ.”

ಮಾಧುರಿ ‘ಇಲ್ಲ’ ಎಂದು ಬರೆದು ಮುಂದಿನ ಪುಟಕ್ಕೆ ಹೋದಳು. ಕೆಳಗೆ ಸಹಿ ಮಾಡಿ ಆ ರಾತ್ರಿಯೇ ದಿಲನಾಜಳಿಗೆ ಕಳಿಸಿದಳು.

ಇನ್ನು ಉಳಿದದ್ದು ಒಂದೇ ತೊಡಕು. ಬ್ಯಾಂಕಾಕಿನಿಂದ ಮರಳಿದ ಮೇಲೂ ಹತ್ತು ದಿನ ಮುಖದ ಮೇಲೆ ನೀಲಿ ಇರುತ್ತದೆ, ಕಾಲೊನಿಯ ಕಣ್ಣಿಗೆ ಬೀಳದೆ ಎಲ್ಲಾದರೂ ಇರಬೇಕು. ಅದಕ್ಕೆ ಚೆಂಬೂರಿಗಿಂತ ಒಳ್ಳೆಯ ಜಾಗವಿರಲಿಲ್ಲ. ಭುವನೇಶ್ವರಿಯ ಅಕ್ಕ ದಾನವ್ವ ಅಲ್ಲಿದ್ದಳು. ಗಂಡ ರಿಫೈನರಿಯಲ್ಲಿದ್ದವನು, ಈಗಿಲ್ಲ, ಮಕ್ಕಳು ಪುಣೆಯಲ್ಲಿ. ಒಂದು ಕೋಣೆ ಸದಾ ಖಾಲಿ.

“ದಾನಕ್ಕನ ಕಡಿ ಬ್ಯಾಡ,” ಎಂದುಬಿಟ್ಟಳು ಭುವನೇಶ್ವರಿ. “ಅಕಿ ಬಾಯಿಗೆ ಬೀಗ ಇಲ್ಲ. ಈ ಆಪರೇಶನ್ ಸುದ್ದಿ ಅಕಿ ಕಿವಿಗೆ ಬೀಳಬಾರದು. ನನ್ನ ಮ್ಯಾಲ ಆಣಿ ಹಾಕು.”

ಮಾಧುರಿ ಆಣೆ ಹಾಕಲಿಲ್ಲ, ನಕ್ಕಳು. ಬಾಡಿಗೆ ಕೋಣೆ ಕೇಳಿದರೆ ಹತ್ತು ದಿನಕ್ಕೆ ಮೂವತ್ತು ಸಾವಿರ ಹೇಳಿದರು. ಅಪ್ಪನ ಎಫ್‌ಡಿಯಿಂದ ಇನ್ನೂ ಮೂವತ್ತು ಸಾವಿರ ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಹೊರಡಲು ಮೂರು ವಾರವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಗೆಳತಿಯ ಮನೆಗೆಂದು ಹೇಳಿ ಕುರ್ಲಾದಲ್ಲಿ ಲೋಕಲ್ ಬದಲಿಸಿ ಚೆಂಬೂರಿಗೆ ಹೋದಳು.

ದಾನವ್ವ ಬಾಗಿಲಲ್ಲೇ ಅಪ್ಪಿಕೊಂಡಳು. ಎಪ್ಪತ್ತರ ಹತ್ತಿರದ ದೊಡ್ಡ ಮೈಯ ಹೆಂಗಸು, ಮಾತಿಗೆ ನಿಂತರೆ ಉಸಿರು ತೆಗೆದುಕೊಳ್ಳುವವಳಲ್ಲ. ಚುರುಮುರಿ ಹಚ್ಚಿ ಮುಂದಿಟ್ಟಳು. ಮಾಧುರಿ ಎಲ್ಲ ಹೇಳಿದಳು. ಬ್ಯಾಂಕಾಕು, ಮೂಗು, ಹತ್ತು ದಿನದ ಕೋಣೆ. ದೊಡ್ಡವ್ವ ಬೈಯಬಹುದು, ದೇವರು ಕೊಟ್ಟ ಮುಖ ಎನ್ನಬಹುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

“ಬಾರವಾ, ಹತ್ತು ದಿನ ಯಾಕ, ತಿಂಗಳ ಇರು,” ಎಂದಳು ದಾನವ್ವ. “ಚಲೋ ಮಾಡಿದಿ. ಎಚ್ಚರ ತಪ್ಪಿಸೂ ಔಷಧದ ಮಾತು ಡಾಕ್ಟರಗ ಹೇಳೀರೇನು?”

“ಯಾವ ಮಾತು ದೊಡ್ಡವ್ವಾ?”

“ಅದ, ನಿಮ್ಮವ್ವಗ ಮಿರಜಿನ್ಯಾಗ ಆದದ್ದು.”

ಮಾಧುರಿ ಕೈಯಲ್ಲಿದ್ದ ಚುರುಮುರಿಯನ್ನು ತಟ್ಟೆಗೆ ಹಾಕಿದಳು. ದಾನವ್ವ ಅವಳ ಮುಖ ನೋಡಿ, ಒಂದು ಗಳಿಗೆ ತಡೆದು, ಮೂಗಿನ ಮೇಲೆ ಬೆರಳಿಟ್ಟಳು.

“ಅಯ್ಯ ಶಿವನ! ಬಸಲಿ ನಿನಗ ಹೇಳಿಲ್ಲೇನು?”

ಬಾಯಿಗೆ ಬೀಗವಿಲ್ಲದವಳು ಎಂದು ಯಾರನ್ನು ದೂರ ಇಟ್ಟಿದ್ದರೋ ಅವಳೇ ಎಲ್ಲ ಹೇಳಿದಳು. ಬಸಲಿಂಗವ್ವನಿಗೆ ಇಪ್ಪತ್ತೆರಡಾದರೂ ಮದುವೆ ಗೊತ್ತಾಗಿರಲಿಲ್ಲ. ನಾಲ್ಕು ಗಂಡುಗಳು ಬಂದು ಮೂಗು ನೋಡಿ ಹೋಗಿದ್ದರು. ಅಪ್ಪ ಪರಪ್ಪ ಬೈಲಹೊಂಗಲದಲ್ಲಿ ಅರಳೆ ವ್ಯಾಪಾರ ಮಾಡಿ ನಾಲ್ಕು ಕಾಸು ಕಂಡವನು. ಮಗಳನ್ನು ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂಗು ತಿದ್ದಿಸಿದ. ಊರಲ್ಲಿ ಮೂಗಿನೊಳಗೆ ಎಲುಬು ಬೆಳೆದಿತ್ತು ಎಂದು ಹೇಳಿದರು. ಆಸ್ಪತ್ರೆಯಲ್ಲಿ ಜೊತೆಗಿದ್ದವಳು ದಾನವ್ವ.

“ಮೂಗಿನ ಕೆಲಸ ಮುಗಿಯಾಕ ಬಂದಿತ್ತಂತ, ಒಮ್ಮಿಗಲೇ ಮೈಯೆಲ್ಲಾ ಕಟಿಗಿ ಆತು. ದವಡಿ ಬಿಗದ ಹೋತು. ಮೈ ಅಂದ್ರ ಕಾದ ಹಂಚು. ಬರ್ಫದ ಕಾರ್ಖಾನಿಗೆ ಮಂದಿ ಕಳಿಸಿ ಬರ್ಫ ತರಿಸಿ ಮೈ ತುಂಬ ಇಟ್ರು. ಮೂರು ದಿನ ಕಣ್ಣ ತೆರೀಲಿಲ್ಲ. ಬದುಕಿದ್ದು ಅಕಿ ಪುಣ್ಯ. ಇದು ರಕ್ತದಾಗ ಹರದು ಬರೂದು, ನಿಮ್ಮ ಮನ್ಯಾಗ ಯಾರಿಗೆ ಎಚ್ಚರ ತಪ್ಪಿಸಬೇಕಾದ್ರೂ ಮೊದಲ ಹೇಳ್ರಿ, ಮಕ್ಕಳಿಗೂ ಹೇಳ್ರಿ ಅಂತ ಡಾಕ್ಟರ್ ಚೀಟಿ ಬರದು ಕೊಟ್ರು. ನಾ ಹಲ್ಲು ಕೀಳಸಾಕ ಹೋದ್ರೂ ಹೇಳ್ತೀನಿ. ಹ್ವಾದ ವರ್ಷ ಪಿತ್ತಕೋಶ ತೆಗದ್ರಲ್ಲ, ಹೇಳಿದೆ. ಬ್ಯಾರೆ ತರದ್ದು ಔಷಧ ಕೊಟ್ರು, ಏನೂ ಆಗಲಿಲ್ಲ. ಹೇಳಬೇಕು, ಅಷ್ಟ.”

ಹೇಳಬೇಕು, ಅಷ್ಟೇ. ಒಂದು ವಾಕ್ಯದ ಕೆಲಸ.

“ನಿನ್ನ ಎಡಗೈ ಯಾಕ ಸೊಟ್ಟ ಐತಿ, ಗೊತ್ತೈತೇನು?” ಎಂದಳು ದಾನವ್ವ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ ಎಂಬಂತೆ. “ಒಂಬತ್ತು ವರ್ಷದಾಕಿ ಇದ್ದಿ, ಜಿನೆ ಮೆಟ್ಟಲ ಮ್ಯಾಲಿಂದ ಬಿದ್ದಿ. ದವಾಖಾನ್ಯಾಗ ಎಚ್ಚರ ತಪ್ಪಿಸಿ ಎಲುಬ ಕೂಡಸ್ತೀವಿ ಅಂದ್ರು. ನಿಮ್ಮವ್ವ ಕೈ ಹಿಡಕೊಂಡು ಹೊರಗ ಎಳಕೊಂಡು ಬಂದು ಕಲ್ಯಾಣದಾಗ ನಾಟಿ ವೈದ್ಯನ ಕಡಿ ಕಟ್ಟಿಸಿದ್ಲು. ಹೆದರಿದ್ಲವಾ ಪಾಪ.”

ಅಂದರೆ ಅವ್ವ ಮರೆತಿರಲಿಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು. ಭಾಂಡುಪ್‌ವರೆಗೆ ರೈಲಿನಲ್ಲಿ ನಿಂತೇ ಬಂದ ಮಾಧುರಿಯ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಒಂಬತ್ತು ವರ್ಷದ ಮಗಳನ್ನು ಕೈ ಹಿಡಿದು ಎಳೆದುಕೊಂಡು ಬರಬಹುದಿತ್ತು, ಕಾರಣ ಹೇಳಬೇಕಾಗಿರಲಿಲ್ಲ. ಮೂವತ್ತೊಂದರ ಮಗಳಿಗೆ ಕಾರಣ ಹೇಳಬೇಕಾಗುತ್ತದೆ. ಅದಕ್ಕೇ ಸುಮ್ಮನಿದ್ದಳು. ಜರಡಿ ಕೂಡ ನಿಲ್ಲಿಸಲಿಲ್ಲ.

ಮನೆಯಲ್ಲಿ ಭುವನೇಶ್ವರಿ ಒಬ್ಬಳೇ ಇದ್ದಳು. ಸೋಮನಾಥ ಸಂಜೆಯ ತಿರುಗಾಟಕ್ಕೆ ಹೋಗಿದ್ದ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದಳು.

“ದೊಡ್ಡವ್ವನ ಕಡಿ ಹೋಗಿದ್ದೆ,” ಎಂದಳು ಮಾಧುರಿ.

ಭುವನೇಶ್ವರಿಯ ಕೈ ಈ ಸಲ ನಿಂತಿತು. “ಬ್ಯಾಡ ಅಂದಿದ್ನೆಲ್ಲ.”

“ಮಿರಜಿಂದು ಯಾಕ ಹೇಳಲಿಲ್ಲ ಮಮ್ಮಿ? ಫಾರ್ಮ್ ತುಂಬೋ ಮುಂದ ನಾ ಸೀದಾ ಕೇಳಿದ್ದೆ. ಸೀದಾ.”

ಭುವನೇಶ್ವರಿ ಎದ್ದು ಹೊರಬಾಗಿಲು ಹಾಕಿದೆಯೇ ಎಂದು ನೋಡಿ ಬಂದಳು. ಆಮೇಲೆ, ತರಕಾರಿಯ ದರ ಹೇಳುವಷ್ಟು ಸಮಾಧಾನವಾಗಿ, ಹೇಳಿದಳು:

“ಅದು ಬಸಲಿಂಗವ್ವಗ ಆದದ್ದು. ಅಕಿನ್ನ ಆ ಅಕ್ಕಿ ತಾಟಿನ್ಯಾಗ ಬಿಟ್ಟು ಬಂದೀನಿ. ಭುವನೇಶ್ವರಿಗೆ ಏನೂ ಆಗಿಲ್ಲ. ಪಾಸ್‌ಪೋರ್ಟಿನ್ಯಾಗ ನನಗ ಬ್ಯಾರೆ ಹೆಸರ ಇಲ್ಲಂತ ನೀನ ಬರದಿಯಲ್ಲ?”

ತಪ್ಪಿಸಿಕೊಳ್ಳಲು ಆಡಿದ ಜಾಣತನದ ಮಾತು ಎಂದು ಮಾಧುರಿಗೆ ಮೊದಲು ಅನ್ನಿಸಿತು. ಅವ್ವನ ಕಣ್ಣು ನೋಡಿದಾಗ ಅದು ಜಾಣತನವಲ್ಲ ಎಂದು ಗೊತ್ತಾಯಿತು. ಅವಳು ಅದನ್ನು ನಂಬಿದ್ದಳು. ಮೂವತ್ತಮೂರು ವರ್ಷ ದಿನಾ ನಂಬಿ ನಂಬಿ ಗಟ್ಟಿ ಮಾಡಿಕೊಂಡಿದ್ದಳು.

“ಹೆಸರು ಬದಲಾದ್ರ ರಕ್ತ ಬದಲಾಗ್ತದೇನು ಮಮ್ಮಿ? ನಾ ಸಾಯತಿದ್ದೆ ಅಲ್ಲಿ. ಟೇಬಲ್ ಮ್ಯಾಲ.”

“ಹಂಗ ಅನಬ್ಯಾಡ! ಆಗಿನ ಔಷಧ ಬ್ಯಾರೆ, ಈಗಿಂದು ಬ್ಯಾರೆ. ಎಲ್ಲಾ ಸುಧಾರಿಸೇತಿ. ಮತ್ತ ನಾ ಬಾಜೂಕ ಇರತಿದ್ನೆಲ್ಲ. ಏನರ ಆದ್ರ ಅಲ್ಲೇ ಹೇಳತಿದ್ದೆ.”

“ಒಳಗ ನಿನ್ನ ಯಾರು ಬಿಡತಿದ್ರು? ಯಾವ ಭಾಷಾದಾಗ ಹೇಳತಿದ್ದಿ?”

ಭುವನೇಶ್ವರಿ ಮತ್ತೆ ಸೊಪ್ಪಿನ ದಂಟು ಮುರಿಯುತ್ತಾ ಕೂತಳು. ಮಾಧುರಿ ಅವಳೆದುರು ಕುಕ್ಕರಗಾಲಲ್ಲಿ ಕೂತಳು.

“ಪಪ್ಪಗ ಹೇಳೂದು ಬ್ಯಾಡಾಗಿತ್ತು, ಬಿಡು. ನನಗೊಬ್ಬಾಕಿಗರ ಕಿವ್ಯಾಗ ಹೇಳಬಹುದಿತ್ತಲ್ಲ? ನಾ ಯಾರಿಗೂ ಹೇಳತಿರಲಿಲ್ಲ.”

“ಹೇಳಿದ್ರ ನೀ ನನ್ನ ಮಾರಿ ನೋಡೂ ರೀತಿ ಬದಲಾಗತಿತ್ತು,” ಎಂದಳು ಭುವನೇಶ್ವರಿ, ತಲೆ ಎತ್ತದೆ. “ಈಗ ನೋಡಾಕತ್ತಿಯಲ್ಲ, ಹಿಂಗ.”

ಮಾಧುರಿ ನೋಡುತ್ತಲೇ ಇದ್ದಳು. ಸಾವಿನ ಭಯಕ್ಕಿಂತ ದೊಡ್ಡದೊಂದು ನೋವು ಅವಳ ಎದೆಯಲ್ಲಿ ಈಗ ಏಳುತ್ತಿತ್ತು. ಶಾಲೆಯಿಂದ ‘ಪೋಪಟ್’ ಅನ್ನಿಸಿಕೊಂಡು ಅಳುತ್ತ ಬಂದ ದಿನ ಅವ್ವ ಜಡೆ ಬಿಚ್ಚುತ್ತಾ, ‘ಏನ ಮಾಡೂದು, ನಿಮ್ಮಪ್ಪನ ಕಡೀದು’ ಅಂದಿದ್ದಳು. ಹದಿನಾರರಲ್ಲಿ, ಇಪ್ಪತ್ತರಲ್ಲಿ, ಹನ್ನೊಂದನೆಯ ಗಂಡು ಎದ್ದು ಹೋದ ದಿನ, ಅದೇ ಮಾತು. ಆ ಮೂಗು ಹೊತ್ತು ನಾಲ್ಕು ಜನರ ಮುಂದೆ ನಿಲ್ಲುವುದು ಏನೆಂದು ಜಗತ್ತಿನಲ್ಲಿ ಒಬ್ಬಳಿಗೆ ಗೊತ್ತಿತ್ತು. ಅವಳು ಪಕ್ಕದ ಕೋಣೆಯಲ್ಲೇ ಇದ್ದಳು. ಒಂದು ದಿನ ಹತ್ತಿರ ಕೂತು ‘ನನಗೂ ಹಿಂಗ ಆಗಿತ್ತು’ ಎಂದಿದ್ದರೆ ಈ ಬ್ಯಾಂಕಾಕೇ ಬೇಕಾಗುತ್ತಿರಲಿಲ್ಲವೇನೋ. ಅಷ್ಟು ವರ್ಷ ತನ್ನನ್ನು ಒಬ್ಬಂಟಿ ಬಿಟ್ಟಳಲ್ಲ ಎಂದು ಮಾಧುರಿಗೆ ಅಳು ಒತ್ತರಿಸಿ ಬಂತು. ಅವ್ವನ ಮುಂದೆ ಅಳಬಾರದೆಂದು ಎದ್ದು ನಿಂತಳು.

ಬಾಗಿಲ ಗಂಟೆ ಸದ್ದಾಯಿತು. ಭುವನೇಶ್ವರಿ ಮಗಳ ಕೈ ಹಿಡಿದಳು.

“ಅವರಿಗೆ ಹೇಳಬ್ಯಾಡ. ನಿನ್ನ ಕಾಲ ಬೀಳ್ತೀನಿ. ಬೇಕಾದ್ರ ಆಪರೇಶನ್ ಬ್ಯಾಡಾತು ಅಂತ ಹೇಳು. ಹೆದರಿಕಿ ಬಂತು ಅನ್ನು.”

ಇನ್ನೊಂದು ಸುಳ್ಳು, ಅದೂ ಮಗಳ ಬಾಯಿಂದ. ಮಾಧುರಿ ಕೈ ಬಿಡಿಸಿಕೊಂಡು ಬಾಗಿಲು ತೆಗೆದಳು.

ಸೋಮನಾಥ ಬೆವರು ಒರೆಸುತ್ತಾ ಒಳಗೆ ಬಂದು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚತೊಡಗಿದ. ಗಾರ್ಡನ್ನಿನಲ್ಲಿ ಸಿಕ್ಕವರೊಬ್ಬರು ಬ್ಯಾಂಕಾಕಿನಲ್ಲಿ ಸಸ್ಯಾಹಾರ ಸಿಗುವುದೇ ಕಷ್ಟ ಎಂದರಂತೆ. ಹಾಗಾಗಿ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಬೇಕು ಎಂದು ಶುರು ಮಾಡಿದ. ಅವನ ಮಾತಿನ ನಡುವೆಯೇ ಮಾಧುರಿಯ ಫೋನು ರಿಂಗಾಯಿತು. ದಿಲನಾಜ. ಬ್ಯಾಂಕಾಕಿನ ವಿಷಯದ ಫೋನುಗಳನ್ನು ಈ ಮನೆಯಲ್ಲಿ ಯಾವಾಗಲೂ ಸ್ಪೀಕರಿನಲ್ಲೇ ಹಾಕುವುದು. ಸೋಮನಾಥನಿಗೆ ಎಲ್ಲ ಕೇಳಿಸಿಕೊಳ್ಳುವ ಆಸೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಭುವನೇಶ್ವರಿ ಬೇಡ ಎಂದು ತಲೆಯಾಡಿಸಿದಳು. ಮಾಧುರಿ ಸ್ಪೀಕರು ಒತ್ತಿದಳು.

“ಮೇಡಂ, ಸಂಡೇ ಕೋ ತ್ರಾಸ ಕೊಟ್ಟೆ. ನಾಳೆ ಮುಂಜಾನಿ ಕಾಗದ ಎಲ್ಲಾ ಆಸ್ಪತ್ರಿಗೆ ಕಳಸಾಕತ್ತೀನಿ. ನಿಮ್ಮ ಫಾರ್ಮ್ ಫೈನಲ್ ಹೈ ನಾ?”

“ಇಲ್ರಿ. ಒಂದು ಉತ್ತರ ತಪ್ಪು ಬರದೀನಿ. ಎರಡನೇ ಪೇಜ್, ಎಚ್ಚರ ತಪ್ಪಿಸೋ ಔಷಧದ್ದು. ‘ಹೌದು’ ಅಂತ ಮಾಡ್ರಿ.”

“ಯಾ ಅಲ್ಲಾ. ಯಾರಿಗಾಗಿತ್ತು?”

“ನಮ್ಮ ತಾಯಿಗೆ. ಮಿರಜಿನ್ಯಾಗ, ಮೂವತ್ನಾಕು ವರ್ಷದ ಹಿಂದ. ಮೈ ಸುಟ್ಟು ಬಿಗದು ಹೋಗಿತ್ತಂತ. ಮೂರು ದಿನ ಎಚ್ಚರ ಆಗಿರಲಿಲ್ಲ.”

“ಛಲೋ ಹೇಳಿದ್ರಿ ಮೇಡಂ, ಬಹುತ್ ಛಲೋ. ಅವ್ರು ಬ್ಯಾರೆ ಔಷಧ ತಯಾರಿ ಇಡಬೇಕಾಗ್ತೈತಿ. ಡಾಕ್ಟರ್ ಕೂಡ ಮತ್ತೊಮ್ಮೆ ಮಾತಾಡಸ್ತೀನಿ, ಅವ್ರು ಹ್ಞೂಂ ಅಂದ್ರ ಮಾತ್ರ ಮುಂದ. ಯಾವ ಆಪರೇಶನ್ ಇತ್ತು?”

“ಮೂಗಿಂದು,” ಎಂದಳು ಮಾಧುರಿ. “ನನ್ನ ಹಂತಾದ ಮೂಗಿತ್ತು. ಸೀದಾ ಮಾಡಿಸಿದ್ರು.”

“ಪೇಶಂಟ್ ಕಾ ನಾಮ್?”

“ಆವಾಗ ಬಸಲಿಂಗವ್ವ ಪರಪ್ಪ.”

ಸೋಮನಾಥನ ಕೈಯಲ್ಲಿ ಒಂದು ಬೂಟು ಇತ್ತು. ಅವನು ಅದನ್ನು ಕೆಳಗಿಡಲಿಲ್ಲ.

“ಔರ್ ಮೇಡಂ, ಜೋಡಿ ಬರೋರು ಮಮ್ಮೀನ ಅಲ್ವಾ? ಅವರ ಟಿಕೀಟು...”

“ಮಮ್ಮಿ ಅಲ್ಲ. ಆ ಹೆಸರು ತಗೀರಿ. ಯಾರಂತ ನಾಳೆ ಹೇಳ್ತೀನಿ.”

ಮಾಧುರಿ ಫೋನು ಇಟ್ಟಳು. ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಾ ಔಟೋ ಅಲ್ಲವೋ ಎಂದು ಜಗಳವಾಡುತ್ತಿದ್ದರು. ಸೋಮನಾಥ ಮಗಳ ಮುಖವನ್ನೂ ಹೆಂಡತಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಲೆಕ್ಕ ತಿಳಿಯದ ವಿದ್ಯಾರ್ಥಿ ಎರಡು ಉತ್ತರಗಳನ್ನು ಹೋಲಿಸಿ ನೋಡುವ ಹಾಗೆ ನೋಡಿದ.

“ಅಂದ್ರ,” ಎಂದ ಕೊನೆಗೆ, “ಅದು ನಮ್ಮ ಮನಿತನದ ಮೂಗಲ್ಲ.”

ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಯಾರಿಗೂ ಹೇಳಬಾರದೆಂದು ತನ್ನಪ್ಪ ಮಾತು ತೆಗೆದುಕೊಂಡಿದ್ದ ಎಂದಳು. ಅತ್ತೆ ಮದುವೆ ಮನೆಗಳಲ್ಲಿ ತನ್ನ ಮೂಗು ತೋರಿಸುವಾಗೆಲ್ಲ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು ಎಂದಳು. ಮೊದಲನೆಯ ವರ್ಷ ಹೇಳಬೇಕಿತ್ತು, ಹೇಳಲಿಲ್ಲ, ಆಮೇಲೆ ಹೇಳುವ ದಿನವೇ ಬರಲಿಲ್ಲ ಎಂದಳು. ಸೋಮನಾಥ ಎಲ್ಲ ಕೇಳಿದ. ಅವನು ಸಿಟ್ಟು ಮಾಡುವ ಮನುಷ್ಯನಲ್ಲ, ಸಿಟ್ಟು ಬಂದರೆ ಅದನ್ನು ಏನು ಮಾಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

“ಮೂಗಿಂದು ಬಿಡು,” ಎಂದ. “ಅದನ್ನ ಹೊತ್ತು ಹೊತ್ತು ನನಗ ರೂಢಿ ಆಗೇತಿ. ನನಗ ಒಂದ ಮಾತು ಹೇಳು. ಈಕಿ ಅಲ್ಲೇ ಹೋಗಿಬಿಟ್ಟಿದ್ರ, ಹೆಣಾ ತಗೊಂಡು ನೀ ಒಬ್ಬಾಕಿನ ಮನಿಗೆ ಬರತಿದ್ದಿ. ಆವಾಗ ನನಗ ಏನ ಹೇಳತಿದ್ದಿ?”

ಭುವನೇಶ್ವರಿ ಅಳು ನಿಲ್ಲಿಸಿದಳು. ಮಾಧುರಿ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಈಗಲೂ ಅವ್ವ ಏನಾದರೂ ಹೇಳಿ ತನ್ನನ್ನು ಸೋಲಿಸಲಿ, ‘ಖರೇ ಹೇಳತಿದ್ದೆ’ ಅಂತಲಾದರೂ ಅನ್ನಲಿ ಎಂದು ಅವಳ ಜೀವ ಹಂಬಲಿಸಿತು.

“ಡಾಕ್ಟರಂದು ತಪ್ಪು ಅಂತಿದ್ದೆ,” ಎಂದಳು ಭುವನೇಶ್ವರಿ.

ಆ ಸಂಜೆ ಅವಳು ಆಡಿದ ಮಾತುಗಳಲ್ಲಿ ಅದೊಂದನ್ನು ಮಾಧುರಿ ಪೂರಾ ನಂಬಿದಳು.